ಸೀರಂ ಐರನ್ 118, ಫೆರಿಟಿನ್ 19: ಕಬ್ಬಿಣಾಂಶ ಇದೆಯೋ ಇಲ್ಲವೋ?

ಹೊಸಓದುಗ
ಹೆಸರು, ಲ್ಯಾಬು ತೆಗೆದು ಒಂದು ರಿಪೋರ್ಟ್ ಇಡುತ್ತಿದ್ದೇನೆ. ಹೆಂಗಸು, 34 ವರ್ಷ, ಸಸ್ಯಾಹಾರಿ.
ಹಿಮೋಗ್ಲೋಬಿನ್ 11.4, ಕೆಂಪು ರಕ್ತಕಣ 4.1 ಮಿಲಿಯನ್, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 34.6, ಎಂಸಿವಿ (ಕಣದ ಸರಾಸರಿ ಗಾತ್ರ) 84.4, ಎಂಸಿಎಚ್ (ಒಂದು ಕಣದಲ್ಲಿರುವ ಸರಾಸರಿ ಹಿಮೋಗ್ಲೋಬಿನ್) 27.8, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದ ಏರುಪೇರು) 16.8.
ಸೀರಂ ಐರನ್ 118, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು) 420, ಸ್ಯಾಚುರೇಶನ್ (ಅದರಲ್ಲಿ ತುಂಬಿರುವ ಪಾಲು) ಶೇ. 28, ಫೆರಿಟಿನ್ (ಕಬ್ಬಿಣದ ದಾಸ್ತಾನು) 19. ಫೆರಿಟಿನ್ ಪಕ್ಕದಲ್ಲಿ ಲ್ಯಾಬಿನವರು ಹಾಕಿರುವ ನಾರ್ಮಲ್ ರೇಂಜ್ 10ರಿಂದ 290.
ದಪ್ಪ ಅಕ್ಷರದಲ್ಲಿ ಬಂದಿರೋದು ಹಿಮೋಗ್ಲೋಬಿನ್ ಮತ್ತು ಆರ್‌ಡಿಡಬ್ಲ್ಯೂ ಎರಡೇ. ಐರನ್ ಪ್ರೊಫೈಲ್ ಅಷ್ಟೂ ರೇಂಜ್ ಒಳಗೇ ಇದೆ. ಹಾಗಾದರೆ ಈ ರಕ್ತಹೀನತೆ ಕಬ್ಬಿಣಾಂಶದ್ದಲ್ಲ ಅನ್ನಬಹುದಾ?

ನೇರಳೆಮುಚ್ಚಳ
ಅನ್ನುವ ಹಾಗಿಲ್ಲ. ಮೊದಲು ಇದಕ್ಕೆ ಉತ್ತರ ಕೊಡಿ: ರಕ್ತ ಕೊಟ್ಟ ದಿನ ಬೆಳಿಗ್ಗೆ ಐರನ್ ಮಾತ್ರೆ ನುಂಗಿದ್ದರಾ?

ಹೊಸಓದುಗ
ಹೌದು. ಏಳೂವರೆಗೆ ಮಾತ್ರೆ, ಹತ್ತು ಗಂಟೆಗೆ ರಕ್ತ. ಮಾತ್ರೆ ಶುರುವಾಗಿ ನಾಲ್ಕು ದಿನ ಆಗಿತ್ತಂತೆ. 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಅಂದಿದ್ದಕ್ಕೆ ತಿಂಡಿ ಬಿಟ್ಟಿದ್ದಾರೆ, ಮಾತ್ರೆ ಬಿಟ್ಟಿಲ್ಲ.

ನೇರಳೆಮುಚ್ಚಳ
ಅಲ್ಲಿಗೆ ಆ 118 ಮಾತ್ರೆಯ ನಂಬರು, ದೇಹದ್ದಲ್ಲ.
ವಯಸ್ಕರ ಮೈಯಲ್ಲಿ ಒಟ್ಟು 3–4 ಗ್ರಾಂ ಕಬ್ಬಿಣ ಇದ್ದರೆ, ಯಾವುದೇ ಒಂದು ಗಳಿಗೆಯಲ್ಲಿ ಪ್ಲಾಸ್ಮಾದಲ್ಲಿ ಓಡಾಡುತ್ತಿರುವುದು ಸುಮಾರು 3 ಮಿಲಿಗ್ರಾಂ. ಸೀರಂ ಐರನ್ ಅಳೆಯುವುದು ಅಷ್ಟನ್ನೇ. ಅದು ದಾರಿಯಲ್ಲಿರುವ ಗಾಡಿಯ ಮೂಟೆ, ಫೆರಿಟಿನ್ ಮನೆಯ ಕಣಜ. ಮಾತ್ರೆ ನುಂಗಿದ ಎರಡು ಮೂರು ಗಂಟೆಗೆ ಗಾಡಿ ತುಂಬಿ ಕಾಣುತ್ತದೆ, ಕಣಜದ ತಳ ಮಾತ್ರ ಹಾಗೇ ಕಾಣುತ್ತಿರುತ್ತದೆ. ಮಾತ್ರೆ ಇಲ್ಲದಿದ್ದರೂ ಈ ನಂಬರು ಸಾಮಾನ್ಯವಾಗಿ ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ ಇರುತ್ತದೆ. ಒಬ್ಬರದೇ ರಕ್ತ, ಒಂದೇ ದಿನ ಎರಡು ಸಲ ತೆಗೆದರೂ ಎರಡು ಬೇರೆ ನಂಬರು ಬರಬಹುದು.
ಸರಿಯಾದ ಕ್ರಮ: ಕನಿಷ್ಠ 24 ಗಂಟೆ ಐರನ್ ಮಾತ್ರೆ ಇಲ್ಲ, ಐರನ್ ಇರುವ ಮಲ್ಟಿವಿಟಮಿನ್ನೂ ಇಲ್ಲ. ರಾತ್ರಿ ಊಟದ ನಂತರ ನೀರು ಮಾತ್ರ. ಬೆಳಿಗ್ಗೆ ಹತ್ತರೊಳಗೆ ರಕ್ತ.
ಈ ರಿಪೋರ್ಟಿನಲ್ಲಿ ಮಾತ್ರೆ ಅಷ್ಟಾಗಿ ಮುಟ್ಟದ ನಂಬರು ಎರಡಿವೆ. ಟಿಐಬಿಸಿ 420, ಅಂದರೆ 250–450ರ ರೇಂಜಿನಲ್ಲಿ ಮೇಲಿನ ತುದಿ. ಕಣಜ ಬರಿದಾದಾಗ ಲಿವರ್ ಹೆಚ್ಚು ಗಾಡಿಗಳನ್ನು ಬಿಡುತ್ತದೆ, ಅದರ ಗುರುತು ಇದು. ಇನ್ನೊಂದು ಫೆರಿಟಿನ್ 19.

ಕಣಜದಕೀಲಿ
ಫೆರಿಟಿನ್ ರೇಂಜ್ ಬಗ್ಗೆ ಒಂದು ಮಾತು. '10ರಿಂದ 290' ಎನ್ನುವುದು ಕಿಟ್ ಜೊತೆಗೆ ಬರುವ ಲೆಕ್ಕ. 'ಆರೋಗ್ಯವಂತರು' ಎಂದು ಆರಿಸಿಕೊಂಡ ಹೆಂಗಸರಲ್ಲೇ ಎಷ್ಟೋ ಜನರ ಕಣಜ ಖಾಲಿ ಇರುತ್ತದೆ. ಹಾಗಾಗಿ ಕೊರತೆ ಇರುವವರೂ ನಾರ್ಮಲ್ ಒಳಗೆ ಸೇರಿಹೋಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ 15ಕ್ಕಿಂತ ಕಮ್ಮಿ ಇದ್ದರೆ ಕೊರತೆ, ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕಮ್ಮಿ. ಸೋಂಕು ಅಥವಾ ಉರಿಯೂತ ಇದ್ದರೆ ವಯಸ್ಕರಿಗೆ 70, ಮಕ್ಕಳಿಗೆ 30. ಕ್ಲಿನಿಕ್ಕಿನಲ್ಲಿ ಬಹಳಷ್ಟು ವೈದ್ಯರು 30ರ ಗೆರೆ ಇಟ್ಟುಕೊಳ್ಳುತ್ತಾರೆ.

ತಾಳೆನೋಡಿ
15 ಅನ್ನೋದೇ ಅಧಿಕೃತ ಅಂದಮೇಲೆ 19 ಕೊರತೆ ಹೇಗಾಗುತ್ತೆ? ಗೆರೆ ನಮಗೆ ಬೇಕಾದ ಕಡೆ ಎಳೆದುಕೊಳ್ಳೋದು ಸರಿಯಲ್ಲ.

ಕಣಜದಕೀಲಿ
ಎರಡು ಗೆರೆಗಳ ಕೆಲಸವೇ ಬೇರೆ. 15ಕ್ಕಿಂತ ಕೆಳಗಿದ್ದರೆ ಕೊರತೆ ಇದ್ದೇ ಇದೆ, ವಾದಕ್ಕೆ ಜಾಗವಿಲ್ಲ. ಆದರೆ ಆ ಗೆರೆ ಕೊರತೆಯಿರುವ ಅನೇಕರನ್ನು ಬಿಟ್ಟುಬಿಡುತ್ತದೆ. ಊರಿಗೆ ಊರೇ ಸರ್ವೇ ಮಾಡುವಾಗ 15 ಅನುಕೂಲ. ಎದುರಿಗೆ ಒಬ್ಬ ವ್ಯಕ್ತಿ ಕೂತಿದ್ದಾಗ, ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ, ಟಿಐಬಿಸಿ ಮೇಲೆ, ಆರ್‌ಡಿಡಬ್ಲ್ಯೂ ಜಾಸ್ತಿ ಇರುವಾಗ, 19 ಕಂಡು 'ಚೆನ್ನಾಗಿದೆ' ಅಂದರೆ ತಪ್ಪು. ಇಲ್ಲಿ ಫೆರಿಟಿನ್ ಒಂಟಿ ಸಾಕ್ಷಿಯಲ್ಲ.

ತಾಳೆನೋಡಿ
ಸರಿ, ಒಪ್ಪಿದೆ. ಆದರೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಮಾಡಿಸದೆ ಈ ಫೆರಿಟಿನ್ ನಂಬೋದು ಹೇಗೆ?

ಕಣಜದಕೀಲಿ
ನಂಬರು ಕಮ್ಮಿ ಇದ್ದಾಗ ನಂಬಬಹುದು, ಹೆಚ್ಚು ಇದ್ದಾಗಲೇ ಕಷ್ಟ. ಉರಿಯೂತ ಫೆರಿಟಿನ್ ಅನ್ನು ಏರಿಸುತ್ತದೆ, ಇಳಿಸುವುದಿಲ್ಲ. ಡೆಂಗಿಯಲ್ಲಿ ಸಾವಿರಗಟ್ಟಲೆ ಏರುವುದೂ ಉಂಟು. ಲಿವರ್ ತೊಂದರೆ, ಕುಡಿತ, ಸಂಧಿವಾತ, ಎಲ್ಲದರಲ್ಲೂ ಏರುತ್ತದೆ. ಜ್ವರ ಬಂದು ಹೋದ ವಾರದಲ್ಲಿ ಫೆರಿಟಿನ್ 85 ಬಂತು ಅಂದರೆ ಕಣಜ ತುಂಬಿದೆ ಎಂದು ಅರ್ಥವಲ್ಲ. ಮೂರು ನಾಲ್ಕು ವಾರ ಬಿಟ್ಟು ಮತ್ತೆ ಮಾಡಿಸಬೇಕು, ಜೊತೆಗೆ ಸಿಆರ್‌ಪಿ.
ಕಿಡ್ನಿ ಕಾಯಿಲೆ, ಹಾರ್ಟ್ ಫೇಲ್ಯೂರ್ ಇರುವವರ ಲೆಕ್ಕವೇ ಬೇರೆ. ಅಲ್ಲಿ 100ಕ್ಕಿಂತ ಕೆಳಗಿದ್ದರೂ ಕೊರತೆ ಎನ್ನುತ್ತಾರೆ, ಸ್ಯಾಚುರೇಶನ್ ಶೇ. 20ಕ್ಕಿಂತ ಕಮ್ಮಿ ಇದೆಯಾ ಎಂದೂ ನೋಡುತ್ತಾರೆ.

ನೇರಳೆಮುಚ್ಚಳ
ಫೆರಿಟಿನ್ ಸುಳ್ಳಾಗಿ ಇಳಿಯೋದೂ ಇದೆ. ಬಯೋಟಿನ್. ಕೂದಲು ಉದುರುತ್ತೆ ಅಂತ ದಿನಕ್ಕೆ 5–10 ಮಿಲಿಗ್ರಾಂ ಬಯೋಟಿನ್ ಮಾತ್ರೆ ತಿನ್ನುತ್ತಾರೆ. ಕೂದಲು ಉದುರುತ್ತೆ ಅಂತಲೇ ಫೆರಿಟಿನ್ನೂ ಬರೆಸಿಕೊಂಡು ಬರುತ್ತಾರೆ. ಕೆಲವು ಯಂತ್ರಗಳ ವಿಧಾನ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಅಂಟಿನ ಮೇಲೆ ನಿಂತಿದೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಆ ಅಂಟು ಹಿಡಿಯೋದಿಲ್ಲ, ಫೆರಿಟಿನ್ ಇರೋದಕ್ಕಿಂತ ಕಮ್ಮಿ ತೋರುತ್ತದೆ. ಎರಡು ಮೂರು ದಿನ ಆ ಮಾತ್ರೆ ನಿಲ್ಲಿಸಿ ಬರಬೇಕು. ಕೌಂಟರಿನಲ್ಲಿ ಇದನ್ನು ಯಾರೂ ಕೇಳೋದಿಲ್ಲ, ನೀವೇ ಹೇಳಿ.

ಕಣಜದಕೀಲಿ
ಈಗ ಎಂಸಿವಿ ವಿಷಯ. ಈ ರಿಪೋರ್ಟಿನಲ್ಲಿ ನನಗೆ ಅತಿ ಹೆಚ್ಚು ಅನುಮಾನ ಹುಟ್ಟಿಸಿದ್ದು ಅದೇ 'ನಾರ್ಮಲ್' 84.4. ಕಬ್ಬಿಣ ಕಮ್ಮಿಯಾದರೆ ರಕ್ತಕಣ ಚಿಕ್ಕದಾಗುತ್ತದೆ, ಬಿ12 ಕಮ್ಮಿಯಾದರೆ ದೊಡ್ಡದಾಗುತ್ತದೆ. ಎರಡೂ ಒಟ್ಟಿಗೆ ಇದ್ದರೆ ಒಂದಷ್ಟು ಚಿಕ್ಕವು, ಒಂದಷ್ಟು ದೊಡ್ಡವು. ಸರಾಸರಿ ತೆಗೆದರೆ ನಾರ್ಮಲ್! ಆದರೆ ಗಾತ್ರದ ಏರುಪೇರು ಮುಚ್ಚಿಡಲಾಗದು, ಅದು ಆರ್‌ಡಿಡಬ್ಲ್ಯೂ 16.8ರಲ್ಲಿ ಬಾಯಿಬಿಟ್ಟಿದೆ. ಕೊರತೆ ಶುರುವಿನ ಹಂತದಲ್ಲಿದ್ದರೂ ಹೀಗೆ ಬರಬಹುದು. ಸಸ್ಯಾಹಾರಿ ಅಂದಮೇಲೆ ಬಿ12 ಮಾಡಿಸದೆ ಬಿಡಬೇಡಿ. ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಕೂಡ ಕೇಳಿ. ನೂರಿನ್ನೂರು ರೂಪಾಯಿಯ ಆ ಸ್ಲೈಡು ಸಾವಿರ ರೂಪಾಯಿ ಪ್ಯಾಕೇಜಿಗಿಂತ ಹೆಚ್ಚು ಹೇಳುವ ದಿನಗಳಿವೆ.

ಗೆಜ್ಜೆನಾದ
ಇದಕ್ಕೆ ಉಲ್ಟಾ ಕೇಸು. ಹಿಮೋಗ್ಲೋಬಿನ್ 11.9, ರಕ್ತಕಣ 5.8, ಎಂಸಿವಿ 66, ಆರ್‌ಡಿಡಬ್ಲ್ಯೂ 14.6, ಫೆರಿಟಿನ್ 74. ಆರು ತಿಂಗಳು ಐರನ್ ಮಾತ್ರೆ ತಿಂದರೂ ಎಂಸಿವಿ ಅಲ್ಲಾಡಿಲ್ಲ.

ಕಣಜದಕೀಲಿ
ಎಂಸಿವಿಯನ್ನು ರಕ್ತಕಣದ ಸಂಖ್ಯೆಯಿಂದ ಭಾಗಿಸಿ. 66 ÷ 5.8 = 11.4. ಇದು ಮೆಂಟ್ಜರ್ ಸೂಚ್ಯಂಕ. 13ಕ್ಕಿಂತ ಕಮ್ಮಿ ಬಂದರೆ ಥಲಸ್ಸೀಮಿಯಾ ಟ್ರೇಟ್ (ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷ ಒಬ್ಬ ಪೋಷಕರಿಂದ ಮಾತ್ರ ಬಂದಿರುವುದು) ಕಡೆಗೆ, ಹೆಚ್ಚು ಬಂದರೆ ಕಬ್ಬಿಣಾಂಶ ಕೊರತೆ ಕಡೆಗೆ ಬೆರಳು ತೋರಿಸುತ್ತದೆ. ತೀರ್ಪು ಕೊಡುವುದಿಲ್ಲ. ಕಬ್ಬಿಣ ಇಲ್ಲದಿದ್ದರೆ ಮೂಳೆಮಜ್ಜೆ ಕಣಗಳನ್ನೇ ಕಮ್ಮಿ ಮಾಡುತ್ತದೆ. ಟ್ರೇಟ್ ಇದ್ದವರಲ್ಲಿ ಕಣ ಚಿಕ್ಕವು, ಸಂಖ್ಯೆ ಮಾತ್ರ ಜಾಸ್ತಿ.
ಮುಂದಿನ ಹೆಜ್ಜೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್ ವೇರಿಯಂಟ್ ಪರೀಕ್ಷೆ. ಹಿಮೋಗ್ಲೋಬಿನ್‌ನ ಎ2 ಎಂಬ ಬಗೆ ಶೇ. 4 ದಾಟಿದರೆ ಬೀಟಾ ಥಲಸ್ಸೀಮಿಯಾ ಟ್ರೇಟ್. ಕಬ್ಬಿಣ ತೀರಾ ಕಮ್ಮಿ ಇರುವಾಗ ಮಾಡಿಸಿದರೆ ಎ2 ಕುಗ್ಗಿ ಟ್ರೇಟ್ ಮರೆಯಾಗಬಹುದು. ಇಲ್ಲಿ ಫೆರಿಟಿನ್ 74 ಇರುವುದರಿಂದ ಈಗಲೇ ಮಾಡಿಸಬಹುದು. ಮದುವೆ, ಗರ್ಭದ ಯೋಚನೆ ಇದ್ದರೆ ಸಂಗಾತಿಯದ್ದೂ ಮಾಡಿಸಿ. ಇಬ್ಬರಿಗೂ ಟ್ರೇಟ್ ಇದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ.
ಫೆರಿಟಿನ್ ಸಾಕಷ್ಟಿರುವವರಿಗೆ ಎಂಸಿವಿ ಕಮ್ಮಿ ಅನ್ನುವ ಒಂದೇ ಕಾರಣಕ್ಕೆ ಐರನ್ ಕೊಡುತ್ತಾ ಹೋಗುವುದು ವ್ಯರ್ಥ.

ಸೂಜಿಮೊನೆ
ಕ್ಯಾಂಪಿನ್ಯಾಗ ಬೆರಳು ಚುಚ್ಚಿ ನೋಡಿದ ಹಿಮೋಗ್ಲೋಬಿನ್ 9.2, ಮರುದಿನ ಲ್ಯಾಬಿನ್ಯಾಗ 10.8 ಬಂತು ಅಂತ ಭಾಳ ಮಂದಿ ಜಗಳಾ ತಗೀತಾರ. ಯಂತ್ರಕ್ಕ ಬೈಯೂದಕ್ಕಿಂತ ಮೊದ್ಲ ಚುಚ್ಚಿದ ರೀತಿ ನೋಡ್ರಿ.
ಸ್ಪಿರಿಟ್ ಹಚ್ಚಿದ ಮ್ಯಾಲೆ ಪೂರಾ ಆರಬೇಕು. ಹಸಿ ಇದ್ರ ರಕ್ತದಾಗ ಕೂಡಿ ಲೆಕ್ಕಾ ಕೆಡತೈತಿ. ನಡುಬೆರಳು ಇಲ್ಲಾ ಉಂಗುರಬೆರಳು, ತುದಿಯ ನಟ್ಟನಡುವ ಅಲ್ಲ, ಒಂದ್ ಬದಿಗೆ. ಕೈ ತಣ್ಣಗಿದ್ರ ತಿಕ್ಕಿ ಬೆಚ್ಚಗ ಮಾಡ್ರಿ. ಮೊದಲನೇ ಹನಿ ಒಣ ಹತ್ತಿಯಿಂದ ಒರಸಿ ಬಿಡ್ರಿ. ಆಮ್ಯಾಲೆ ತಾನಾಗೇ ದುಂಡಗ ಬರೂ ಹನಿ ತಗೋರಿ. ಹಿಂಡಿದ್ರಿ ಅಂದ್ರ ಮಾಂಸದೊಳಗಿನ ನೀರೂ ಜೊತಿಗೆ ಬರತೈತಿ, ಹಿಮೋಗ್ಲೋಬಿನ್ ಇಳಿಯೂದು ಬಹುತೇಕ ಇಲ್ಲೇ. ಕ್ಯೂವೆಟ್ (ರಕ್ತ ತುಂಬಿ ಯಂತ್ರದಾಗ ಇಡೂ ಸಣ್ಣ ಪ್ಲಾಸ್ಟಿಕ್ ಪಟ್ಟಿ) ಒಂದೇ ಸಲಕ್ಕ ತುಂಬಬೇಕು, ಅರ್ಧ ತುಂಬಿ ಮತ್ತ ಹನಿ ಕೂಡಿಸಬ್ಯಾಡ್ರಿ. ಬೆಳಕಿಗೆ ಹಿಡಿದು ಗುಳ್ಳೆ ಐತೇನು ನೋಡ್ರಿ, ಇದ್ರ ಒಗೀರಿ. ಡಬ್ಬಿ ಮುಚ್ಚಳ ತೆಗೆದಿಟ್ಟು ಮಳಿಗಾಲದಾಗ ಕ್ಯಾಂಪ್ ಮಾಡಿದ್ರ ಕ್ಯೂವೆಟ್ಟಿನ ಒಳಗಿನ ಔಷಧ ತೇವ ಹಿಡಿತೈತಿ. ಡಬ್ಬಿ ಒಡೆದ ತಾರೀಖು ಮುಚ್ಚಳದ ಮ್ಯಾಲೆ ಬರೀರಿ.
ಸಾಹ್ಲಿ ನಳಿಗಿ (ಬಣ್ಣ ಹೋಲಿಸಿ ಹಿಮೋಗ್ಲೋಬಿನ್ ಅಳಿಯೂ ಹಳೇ ಪದ್ಧತಿ) ಇನ್ನೂ ಅಲ್ಲಲ್ಲಿ ಉಳದೈತಿ. 20ರ ಗೆರಿತನಕ ಹೈಡ್ರೋಕ್ಲೋರಿಕ್ ಆಸಿಡ್, 20 ಮೈಕ್ರೋಲೀಟರ್ ರಕ್ತ, ಹತ್ತು ನಿಮಿಷ ಬಿಡಬೇಕು. ಸಾಲು ಉದ್ದ ಐತಿ ಅಂತ ಮೂರ ನಿಮಿಷಕ್ಕ ನೀರು ಹಾಕಿ ಬಣ್ಣ ಹೋಲಿಸಿದ್ರ ಕಮ್ಮೀನ ಬರೂದು. ಅದರಾಗೂ ಒಬ್ಬರ ಕಣ್ಣಿಗೆ 9 ಕಂಡದ್ದು ಇನ್ನೊಬ್ಬರಿಗೆ 10.

ತಾಳೆನೋಡಿ
ಇದೇ ಕಾರಣಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳ ಮೇಲೂ ವಾದ ನಡೆದಿದ್ದು. 2019–21ರ ಐದನೇ ಸುತ್ತಿನಲ್ಲಿ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಅಂತ ಬಂತು. ಅದು ಬೆರಳ ತುದಿಯ ರಕ್ತ, ನರದಿಂದ ತೆಗೆದದ್ದಲ್ಲ. ಅದೂ ಅಲ್ಲದೆ ಅದು ರಕ್ತಹೀನತೆಯ ಲೆಕ್ಕ, ಕಬ್ಬಿಣಾಂಶ ಕೊರತೆಯ ಲೆಕ್ಕ ಅಲ್ಲ. ಪತ್ರಿಕೆಗಳು ಎರಡನ್ನೂ ಒಂದೇ ಮಾಡಿ ಬರೆಯುತ್ತವೆ.

ನೇರಳೆಮುಚ್ಚಳ
ನರದಿಂದ ತೆಗೆದರೂ ಕೆಡಿಸಲು ದಾರಿ ಇದೆ. ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ, ನೇರಳೆ ಮುಚ್ಚಳದ ಟ್ಯೂಬು, ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ. ಐರನ್, ಫೆರಿಟಿನ್‌ಗೆ ಕೆಂಪು ಅಥವಾ ಹಳದಿ. ಮೊದಲು ಹಳದಿ ತುಂಬಬೇಕು, ಆಮೇಲೆ ನೇರಳೆ. ಹಳದಿಯಲ್ಲಿ ಕಮ್ಮಿ ಬಿತ್ತೆಂದು ನೇರಳೆಯಿಂದ ಅದಕ್ಕೆ ಸುರಿಯುವವರಿದ್ದಾರೆ. ಇಡಿಟಿಎ ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಕಚ್ಚಿಕೊಳ್ಳುತ್ತದೆ. ಓಡಾಡುತ್ತಿರುವ ಮನುಷ್ಯನ ರಿಪೋರ್ಟಿನಲ್ಲಿ ಐರನ್ ಪಾತಾಳಕ್ಕೆ, ಕ್ಯಾಲ್ಸಿಯಂ ನಂಬಲಾಗದಷ್ಟು ಕೆಳಕ್ಕೆ, ಪೊಟ್ಯಾಸಿಯಂ ಆಕಾಶಕ್ಕೆ ಬಂದಿದ್ದರೆ ಗಾಬರಿ ಬೇಡ, ಟ್ಯೂಬು ಬೆರಕೆಯಾಗಿದೆ. ಮತ್ತೆ ರಕ್ತ ಕೊಡಿ.
ನೇರಳೆ ಟ್ಯೂಬನ್ನು ಗೆರೆವರೆಗೆ ತುಂಬಿ, ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು. ಮಗುಚದಿದ್ದರೆ ಸಣ್ಣ ಹೆಪ್ಪುಗಟ್ಟಿ ಎಣಿಕೆ ಕೆಡುತ್ತದೆ. ಕುಲುಕಿದರೆ ಕಣ ಒಡೆಯುತ್ತದೆ. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಹಳದಿ ಟ್ಯೂಬು ಅರ್ಧ ಗಂಟೆ ನಿಂತು ಹೆಪ್ಪುಗಟ್ಟಿದ ಮೇಲೇ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಬೇಕು.
ಮನೆಯಲ್ಲಿ ಕೂತು ನೀವೇ ಮಾಡಬಹುದಾದ ಒಂದು ತಾಳೆ: ಹಿಮೋಗ್ಲೋಬಿನ್ ಗುಣಿಸು 3, ಪಿಸಿವಿಗೆ ಹತ್ತಿರ ಬರಬೇಕು. ಮೇಲಿನ ರಿಪೋರ್ಟಿನಲ್ಲಿ 11.4 × 3 = 34.2, ಪಿಸಿವಿ 34.6. ಸ್ಯಾಂಪಲ್ ಸರಿಯಾಗಿದೆ. ಕಬ್ಬಿಣ ತೀರಾ ಕಮ್ಮಿ ಇದ್ದವರಲ್ಲಿ ಈ ತಾಳೆ ಸ್ವಲ್ಪ ತಪ್ಪುತ್ತದೆ.

ಬಾಟಲಿ450
ರಕ್ತದಾನಿಗಳಿಗೆ: ಬ್ಲಡ್ ಬ್ಯಾಂಕಿನಲ್ಲಿ ನೋಡೋದು ಹಿಮೋಗ್ಲೋಬಿನ್ 12.5 ಇದೆಯಾ ಅಂತ ಮಾತ್ರ. 1.053 ಸಾಂದ್ರತೆಯ ಮೈಲುತುತ್ತದ ದ್ರಾವಣದಲ್ಲಿ ಹನಿ ಮುಳುಗಿದರೆ ಪಾಸು. ಫೆರಿಟಿನ್ ನೋಡೋದಿಲ್ಲ. 450 ಎಂಎಲ್ ಕೊಟ್ಟರೆ 200 ಮಿಲಿಗ್ರಾಂ ಮೇಲೆ ಕಬ್ಬಿಣ ಹೋಯ್ತು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಅನ್ನೋದು ಹಿಮೋಗ್ಲೋಬಿನ್ ವಾಪಸ್ ಬರಲು ಸಾಕು, ಕಣಜ ತುಂಬಲು ಎಲ್ಲರಿಗೂ ಸಾಲದು. ವರ್ಷಕ್ಕೆ ಮೂರು ನಾಲ್ಕು ಸಲ ಕೊಡುವವರು ವರ್ಷಕ್ಕೊಮ್ಮೆ ಫೆರಿಟಿನ್ ನೋಡಿಸಿಕೊಳ್ಳಿ.

ಮಾತ್ರೆಪೊಟ್ಟಣ
ಮಾತ್ರೆ ಕಡೆ ಬರೋಣ. ಪಟ್ಟಿ ಮೇಲೆ ದೊಡ್ಡದಾಗಿ ಬರೆದ ಮಿಲಿಗ್ರಾಂ ನೋಡಬೇಡಿ, 'ಎಲಿಮೆಂಟಲ್ ಐರನ್' ಎಷ್ಟು ಅಂತ ನೋಡಿ. ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂನಲ್ಲಿ ನಿಜವಾದ ಕಬ್ಬಿಣ ಸುಮಾರು 65. ಫೆರಸ್ ಫ್ಯೂಮರೇಟ್‌ನಲ್ಲಿ ಮೂರನೇ ಒಂದು ಪಾಲು. ಗ್ಲುಕೋನೇಟ್‌ನಲ್ಲಿ ಶೇ. 12 ಅಷ್ಟೇ. ಫೆರಸ್ ಆಸ್ಕೋರ್ಬೇಟ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ 100 ಅಂದರೆ ಎಲಿಮೆಂಟಲ್ ಲೆಕ್ಕವೇ.
ಸರ್ಕಾರಿ ಮಾತ್ರೆಗೆ ಬಣ್ಣದ ಗುರುತಿದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೆಂಪು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ. ಹದಿಹರೆಯದವರಿಗೆ ನೀಲಿ, ಅದೇ ಪ್ರಮಾಣ, ವಾರಕ್ಕೊಂದು. 5–9 ವರ್ಷದ ಮಕ್ಕಳಿಗೆ ಗುಲಾಬಿ, 45 ಮಿಲಿಗ್ರಾಂ, ವಾರಕ್ಕೊಂದು. ಇವು ತಡೆಗಟ್ಟುವ ಡೋಸು. ರಕ್ತಹೀನತೆ ಬಂದಾಗಿದ್ದರೆ ಚಿಕಿತ್ಸೆಯ ಡೋಸು ವೈದ್ಯರು ಬೇರೆ ಬರೆಯುತ್ತಾರೆ.
ಕಾಫಿ, ಟೀ, ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿ ಮಾತ್ರೆ ಎಲ್ಲವೂ ಕಬ್ಬಿಣಕ್ಕೆ ಅಡ್ಡಗಾಲು. ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ, ಅದರ ಹಿಂದೆಯೇ ಐರನ್ ಅಂದರೆ ದುಡ್ಡು ದಂಡ. ಕಾಫಿಗೂ ಮಾತ್ರೆಗೂ ಎರಡು ಗಂಟೆ ಬಿಡಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಬಿಡಬೇಕು, ಯಾಕಂದರೆ ಅಲ್ಲಿ ಕಬ್ಬಿಣವೇ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಡುತ್ತದೆ. ಮಲ ಕಪ್ಪಾಗುವುದು ಸಹಜ.
ಎಚ್ಚರಿಕೆ: ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟು. ಹತ್ತು ಕೆಜಿ ಮಗು 60 ಮಿಲಿಗ್ರಾಂನ ಹತ್ತು ಮಾತ್ರೆ ನುಂಗಿದರೆ ಪ್ರತಿ ಕೆಜಿಗೆ 60 ಮಿಲಿಗ್ರಾಂ ಆಯಿತು, ಅದು ಜೀವಕ್ಕೇ ಅಪಾಯ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿ.

ಗೆಜ್ಜೆನಾದ
ದಿನ ಬಿಟ್ಟು ದಿನ ತಗೊಂಡರೆ ಒಳ್ಳೆಯದು ಅಂತಾರಲ್ಲ?

ಕಣಜದಕೀಲಿ
ಕಾರಣ ಹೆಪ್ಸಿಡಿನ್ ಎಂಬ ಹಾರ್ಮೋನು. ಒಂದು ಡೋಸು ಹೊಟ್ಟೆಗೆ ಬಿದ್ದರೆ ಲಿವರ್ ಹೆಪ್ಸಿಡಿನ್ ಬಿಟ್ಟು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚುತ್ತದೆ. ಮರುದಿನದ ಮಾತ್ರೆಯಿಂದ ಹೀರುವ ಪಾಲು ಕಮ್ಮಿ. ಕಣಜ ಬರಿದಾಗಿ ರಕ್ತಹೀನತೆ ಇಲ್ಲದ ಅಥವಾ ಸೌಮ್ಯವಾಗಿರುವ ಹೆಂಗಸರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚಿತ್ತು, ಹೊಟ್ಟೆ ತೊಳಸುವುದೂ ಕಮ್ಮಿ. ಗರ್ಭಿಣಿಯರು, ತೀವ್ರ ರಕ್ತಹೀನತೆ ಇರುವವರು ಇದನ್ನು ಓದಿ ತಾವೇ ಡೋಸು ಬದಲಿಸಬಾರದು.

ರಾಗಿಕಣ
ಬೀಟ್‌ರೂಟ್ ಜ್ಯೂಸ್ ಬಗ್ಗೆ ಯಾರೂ ಹೇಳಿಲ್ಲ, ನಾನೇ ಹೇಳ್ತೀನಿ: ಬಣ್ಣ ಕೆಂಪು ಅಷ್ಟೇ, 100 ಗ್ರಾಂನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ನಾಲ್ಕು ಚಿಲ್ಲರೆ ಇದೆ, ಆದರೆ ಫೈಟೇಟೂ ಇದೆ, ಕ್ಯಾಲ್ಸಿಯಂ 350ರ ಹತ್ತಿರ ಇದೆ, ಎರಡೂ ಹೀರಿಕೆಗೆ ತಡೆ. ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ, ಅಂಬಲಿಯನ್ನು ಹುಳಿ ಬರಿಸಿದರೆ ಫೈಟೇಟ್ ಇಳಿಯುತ್ತೆ. ಹುರುಳಿಕಾಳು ಬಸ್ಸಾರು, ಜೊತೆಗೆ ನಿಂಬೆಹಣ್ಣು ಹಿಂಡಿ ಅಥವಾ ನೆಲ್ಲಿಕಾಯಿ ಚಟ್ನಿ. ಊಟ ಆದ ಮೇಲೆ ಕಾಫಿ ಬೇಡ. ಆದರೆ ಫೆರಿಟಿನ್ 8 ಇಟ್ಟುಕೊಂಡು ಊಟದಲ್ಲೇ ಸರಿಮಾಡ್ತೀನಿ ಅನ್ನೋದು ಆಗದ ಮಾತು.

ಊರಾಚೆ
ಇಂಗ್ಲೆಂಡಿನ ರಿಪೋರ್ಟ್ ಊರಿನ ಡಾಕ್ಟರಿಗೆ ತೋರಿಸುವವರಿಗೆ: ಅಲ್ಲಿ ಹಿಮೋಗ್ಲೋಬಿನ್ 114 ಅಂದರೆ ಇಲ್ಲಿ 11.4. ಐರನ್ ಮೈಕ್ರೋಮೋಲ್‌ನಲ್ಲಿರುತ್ತೆ, 5.6ರಿಂದ ಗುಣಿಸಿ. ಫೆರಿಟಿನ್ ಮಾತ್ರ ಎರಡೂ ಕಡೆ ಒಂದೇ ಅಂಕಿ.

ತಾಳೆನೋಡಿ
60 ದಾಟಿದ ಗಂಡಸು, ಹಿಮೋಗ್ಲೋಬಿನ್ 10.2, ಫೆರಿಟಿನ್ 9. ಇದಕ್ಕೂ ಮಾತ್ರೆ, ಊಟ ಅಂತ ಹೇಳಿ ಕಳಿಸೋದಾ?

ಕಣಜದಕೀಲಿ
ಖಂಡಿತ ಇಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಸುಮ್ಮನೆ ಖಾಲಿಯಾಗುವುದಿಲ್ಲ. ಎಲ್ಲೋ ಸೋರುತ್ತಿದೆ ಎಂದೇ ಹಿಡಿಯಬೇಕು. ಆಸ್ಪಿರಿನ್, ಮೈಕೈ ನೋವಿನ ಮಾತ್ರೆ, ಮೂಲವ್ಯಾಧಿ ಕೇಳಿ. ಮೂಲವ್ಯಾಧಿ ಇದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಆಗಬೇಕು. ಮಲದಲ್ಲಿ ರಕ್ತದ ಪರೀಕ್ಷೆ ನೆಗೆಟಿವ್ ಬಂತೆಂದು ಬಿಡುವಂತಿಲ್ಲ, ಸೋರಿಕೆ ದಿನಾ ಒಂದೇ ಸಮ ಇರುವುದಿಲ್ಲ. ಮಾತ್ರೆ ಕೊಟ್ಟು ಹಿಮೋಗ್ಲೋಬಿನ್ ಏರಿತು ಎಂದು ಸಮಾಧಾನಪಟ್ಟರೆ ಕರುಳಿನ ಕ್ಯಾನ್ಸರ್ ಕೈತಪ್ಪುವುದು ಹೀಗೆಯೇ. ಹೊಲಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಾದರೆ ಕೊಕ್ಕೆಹುಳವನ್ನೂ ನೆನಪಿಡಿ.

ಗೆಜ್ಜೆನಾದ
ಡ್ರಿಪ್‌ನಲ್ಲಿ ಐರನ್ ಎಷ್ಟು ಕೊಡಬೇಕೆಂದು ಹೇಗೆ ಲೆಕ್ಕ ಹಾಕುತ್ತಾರೆ?

ಕಣಜದಕೀಲಿ
ಗ್ಯಾಂಜೋನಿ ಸೂತ್ರ: ತೂಕ × (ಗುರಿ ಹಿಮೋಗ್ಲೋಬಿನ್ − ಈಗಿನದು) × 2.4 + 500. 55 ಕೆಜಿ, ಹಿಮೋಗ್ಲೋಬಿನ್ 8 ಇದ್ದವರಿಗೆ ಗುರಿ 15 ಇಟ್ಟರೆ 1424 ಮಿಲಿಗ್ರಾಂ, 13 ಇಟ್ಟರೆ 1160. ಕೊನೆಯ 500 ಕಣಜಕ್ಕೆ. ಐರನ್ ಸುಕ್ರೋಸ್ ಆದರೆ 200ರಂತೆ ಹಲವು ಸಲ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದು ಸಲಕ್ಕೆ 1000ದವರೆಗೆ. ಗರ್ಭದ ಮೊದಲ ಮೂರು ತಿಂಗಳು ಕೊಡುವುದಿಲ್ಲ. ಡ್ರಿಪ್ ಆದ ನಾಲ್ಕು ವಾರದೊಳಗೆ ಫೆರಿಟಿನ್ ಮಾಡಿಸಿದರೆ 600, 700 ಎಂದು ಬಂದು ಎಲ್ಲರನ್ನೂ ಹೆದರಿಸುತ್ತದೆ.

ಹೊಸಓದುಗ
ಮೊದಲಿನ ರಿಪೋರ್ಟಿನ ಮುಂದಿನ ಭಾಗ. ಎರಡು ದಿನ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತ: ಸೀರಂ ಐರನ್ 46, ಟಿಐಬಿಸಿ 424, ಸಿಆರ್‌ಪಿ 2, ಬಿ12 148. ಬಯೋಟಿನ್ ತಿಂದಿಲ್ಲ.

ಕಣಜದಕೀಲಿ
ಸ್ಯಾಚುರೇಶನ್ 46 ÷ 424 = ಶೇ. 10.8. ಶೇ. 16ಕ್ಕಿಂತ ಕೆಳಗೆ, ಅಂದರೆ ಕೊರತೆಯ ಗುರುತು. ಉರಿಯೂತ ಇಲ್ಲ, ಹಾಗಾಗಿ 19 ಕಣಜದ ನಿಜವಾದ ಮಟ್ಟ. ಬಿ12 ಕೂಡ ಕಮ್ಮಿ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಒಂದನ್ನೇ ಕೊಟ್ಟರೆ ಹಿಮೋಗ್ಲೋಬಿನ್ ಸ್ವಲ್ಪ ಏರಿ ನಿಂತುಬಿಡುತ್ತದೆ. ಮುಟ್ಟಿನ ರಕ್ತಸ್ರಾವ ಎಷ್ಟು ಎಂದು ವೈದ್ಯರ ಹತ್ತಿರ ಬಿಡಿಸಿ ಹೇಳಲು ಹೇಳಿ. ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ಹೆಪ್ಪುಗಟ್ಟಿದ ತುಂಡು ಹೋಗುತ್ತಿದ್ದರೆ ಅದು ಜಾಸ್ತಿಯೇ.

ಹೊಸಓದುಗ
ಮತ್ತೆ ಯಾವಾಗ ಏನು ಮಾಡಿಸಬೇಕು?

ನೇರಳೆಮುಚ್ಚಳ
ನಾಲ್ಕು ವಾರಕ್ಕೆ ಸಿಬಿಸಿ ಸಾಕು, ಐರನ್ ಪ್ರೊಫೈಲ್ ಬೇಡ. ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯಾ, ಕಾಫಿ ಜೊತೆಗೆ ಹೋಗುತ್ತಿದೆಯಾ, ರಕ್ತಸ್ರಾವ ಮುಂದುವರಿದಿದೆಯಾ, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಇದೆಯಾ ಅಂತ ಇದೇ ಕ್ರಮದಲ್ಲಿ ನೋಡಲಿ. ಮಧ್ಯೆ ಎಂಸಿವಿ, ಆರ್‌ಡಿಡಬ್ಲ್ಯೂ ಇನ್ನೂ ಏರುಪೇರಾಗಿ ಕಂಡರೆ ಹೆದರಬೇಡಿ, ಹೊಸ ಕಣ ಹಳೆ ಕಣ ಬೆರೆತಿರುತ್ತವೆ. ಹಿಮೋಗ್ಲೋಬಿನ್ ಸರಿಹೋಯಿತೆಂದು ಮಾತ್ರೆ ನಿಲ್ಲಿಸುವ ಹಾಗಿಲ್ಲ, ಆಮೇಲೆ ಸುಮಾರು ಮೂರು ತಿಂಗಳು ಬೇಕು, ಕಣಜ ತುಂಬುವುದು ಆಗಲೇ. ಫೆರಿಟಿನ್ ಅದರ ಕೊನೆಗೆ ಒಂದು ಸಲ. ಅದೂ ಇದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅದೇ ರಕ್ತಕ್ಕೆ 19 ಹೋಗಿ 25 ಬಂದೀತು, ಏರಿದೆ ಅಂತ ನೀವು ಸಂತೋಷಪಟ್ಟೀರಿ.